48 ಗಂಟೆಯ ಲೆಕ್ಕ ಎಲ್ಲಿಂದ ಬಂತು?

ನಮ್ಮ ಬಳಗದ ಗೆಳತಿಯೊಬ್ಬಳಿಗೆ ಮುಟ್ಟು ತಪ್ಪಿ ವಾರವಷ್ಟೇ ಆಗಿತ್ತು. ಕಡ್ಡಿಯಲ್ಲಿ ಎರಡು ಗೆರೆ ಬಂದ ಖುಷಿ ಇನ್ನೂ ಆರಿರಲಿಲ್ಲ, ಸ್ವಲ್ಪ ರಕ್ತ ಕಾಣಿಸಿಕೊಂಡಿತು. ಜಿಲ್ಲಾ ಕೇಂದ್ರದ ಲ್ಯಾಬಿನಲ್ಲಿ ಬೀಟಾ ಎಚ್‌ಸಿಜಿ ಮಾಡಿಸಿದಳು. 840 ಬಂತು. ಎರಡು ದಿನ ಬಿಟ್ಟು ಮತ್ತೆ ಬಸ್ಸು ಹತ್ತಿದಳು, 1310 ಬಂತು. ‘ಡಬಲ್ ಆಗ್ಬೇಕಿತ್ತು ಮೇಡಂ, ಇದು ನಿಲ್ಲೋದು ಕಷ್ಟ’ ಎಂದು ಚೀಟಿ ಕೊಟ್ಟ ಹುಡುಗನೇ ತೀರ್ಪು ಕೊಟ್ಟುಬಿಟ್ಟ. ಅವಳು ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿ ಅತ್ತಾಗ ನಮಗೆ ಹೇಳಲು ಮಾತೇ ಇರಲಿಲ್ಲ. ಈ ‘ಡಬಲ್’ ಲೆಕ್ಕ ಹಾಕಿದವರು ಯಾರು ಎಂದು ಹುಡುಕಲು ಹೊರಟದ್ದು ಆಮೇಲೆ.

ಕಥೆ ಶುರುವಾಗುವುದು ಬರ್ಲಿನ್ನಿನಲ್ಲಿ. ಸೆಲ್ಮಾರ್ ಆಶೈಮ್ ಮತ್ತು ಬರ್ನ್‌ಹಾರ್ಡ್ ಜೊಂಡೆಕ್ ಎಂಬ ವೈದ್ಯರು 1920ರ ದಶಕದ ಕೊನೆಗೆ ಹೆಂಗಸರ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ನಂತರ ಇಲಿಯ ಅಂಡಾಶಯ ಕೊಯ್ದು ನೋಡುತ್ತಿದ್ದರು. ಅಂಡಾಶಯ ಬಲಿತಿದ್ದರೆ ಹೆಂಗಸು ಬಸುರಿ. ಮಾಸು ಆಗುವ ಜೀವಕೋಶಗಳು ಬಿಡುವ ಎಚ್‌ಸಿಜಿ ಹಾರ್ಮೋನಿನ ಕೆಲಸ ಅದು. ಇಬ್ಬರೂ ಯಹೂದಿಗಳು, ಹಿಟ್ಲರ್ ಬಂದ ಮೇಲೆ ಒಬ್ಬರು ಪ್ಯಾರಿಸ್ಸಿಗೆ, ಇನ್ನೊಬ್ಬರು ಸ್ವೀಡನ್ ದಾಟಿ ಜೆರುಸಲೇಮಿಗೆ ಹೋಗಬೇಕಾಯಿತು. ಪರೀಕ್ಷೆ ಮಾತ್ರ ಲೋಕವೆಲ್ಲ ಸುತ್ತಿತು. ಇಲಿಯ ಜಾಗಕ್ಕೆ ಅಮೆರಿಕದಲ್ಲಿ ಮೊಲ ಬಂತು, ಆಮೇಲೆ ದಕ್ಷಿಣ ಆಫ್ರಿಕಾದ ಕಪ್ಪೆ ಬಂತು. ಆದರೆ ಇವೆಲ್ಲ ಹೇಳುತ್ತಿದ್ದದ್ದು ಹೌದು ಅಥವಾ ಅಲ್ಲ, ಅಷ್ಟೇ. ಗರ್ಭ ಚೆನ್ನಾಗಿದೆಯೇ ಎಂದು ತಿಳಿಯಲು ಹಾರ್ಮೋನ್ ಎಷ್ಟಿದೆ ಎಂದು ಅಳೆಯಬೇಕಿತ್ತು.

ಅಳೆಯುವ ದಾರಿ ತೋರಿದ್ದು ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್. ವಿಕಿರಣಶೀಲ ಗುರುತು ಹಚ್ಚಿ ರಕ್ತದ ಇನ್ಸುಲಿನ್ ಅಳೆದವರು ಅವರು. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಸಿಕ್ಕಿತು. ಅದೇ ಉಪಾಯ ಎಚ್‌ಸಿಜಿಗೆ ಬಂದಾಗ ತೊಡಕು ಎದುರಾಯಿತು. ಪಿಟ್ಯುಟರಿ ಗ್ರಂಥಿಯ ಎಲ್‌ಎಚ್ ಎಂಬ ಹಾರ್ಮೋನು ಎಚ್‌ಸಿಜಿಯ ದಾಯಾದಿ, ಎರಡರ ಅರ್ಧ ಭಾಗ ಒಂದೇ. ಹಾಗಾಗಿ ಪರೀಕ್ಷೆ ಒಂದನ್ನು ಇನ್ನೊಂದೆಂದು ತಿಳಿಯುತ್ತಿತ್ತು. 1972ರಲ್ಲಿ ಅಮೆರಿಕದ ಎನ್‌ಐಎಚ್‌ನ ಜೂಡಿತ್ ವೈಟುಕೈಟಿಸ್, ಗ್ಲೆನ್ ಬ್ರಾನ್‌ಸ್ಟೀನ್, ಗ್ರಿಫ್ ರಾಸ್ ಬೇರೆಯಾಗಿದ್ದ ಇನ್ನರ್ಧವನ್ನು, ಅಂದರೆ ಬೀಟಾ ಭಾಗವನ್ನು ಹಿಡಿದು ಇದನ್ನು ಬಿಡಿಸಿದರು. ಚೀಟಿಯ ಮೇಲಿನ ‘ಬೀಟಾ’ ಬಂದದ್ದು ಅಲ್ಲಿಂದ. ತಮಾಷೆಯೆಂದರೆ ಅಲ್ಲಿ ಈ ಹಾರ್ಮೋನಿನ ಮೇಲೆ ಕಣ್ಣಿಟ್ಟಿದ್ದಕ್ಕೆ ಒಂದು ದೊಡ್ಡ ಕಾರಣ ಕ್ಯಾನ್ಸರ್. ಅದನ್ನು ಸುರಿಸುವ ಗಡ್ಡೆಗಳು ಚಿಕಿತ್ಸೆಗೆ ಕರಗಿದವೇ ಎಂದು ನೋಡಬೇಕಿತ್ತು.

ಇನ್ನು ನಮ್ಮ ಗೆಳತಿಯನ್ನು ಅಳಿಸಿದ ನಿಯಮ. 1981ರಲ್ಲಿ ಯೇಲ್ ವಿಶ್ವವಿದ್ಯಾಲಯದ ನಿಕೊಲಸ್ ಕಾಡಾರ್ ಮತ್ತು ಜೊತೆಗಾರರು ಒಂದು ಲೇಖನ ಪ್ರಕಟಿಸಿದರು. ಅವರ ಪ್ರಶ್ನೆ ಬೇರೆಯೇ ಇತ್ತು. ಗರ್ಭಕೋಶದ ಬದಲು ನಾಳದಲ್ಲಿ ಕೂತ ಗರ್ಭ ಒಡೆದರೆ ತಾಯಿ ಸಾಯಬಹುದು, ಅದನ್ನು ಮೊದಲೇ ಪತ್ತೆ ಹಚ್ಚುವುದು ಹೇಗೆ? ಆರೋಗ್ಯವಾದ ಗರ್ಭದಲ್ಲಿ 48 ಗಂಟೆಗೆ ಎಚ್‌ಸಿಜಿ ಕನಿಷ್ಠ ಶೇ. 66ರಷ್ಟು ಏರಬೇಕು ಎಂದು ಅವರು ಗೆರೆ ಎಳೆದರು. ಎಷ್ಟು ಹೆಂಗಸರನ್ನು ನೋಡಿ? 20. ನಾವು ಎರಡೆರಡು ಸಲ ಓದಿದೆವು, 20. ಅದೂ ಗೆರೆ ಎಳೆದ ಬಗೆ ಹೇಗಿತ್ತೆಂದರೆ, ಅವರ ಲೆಕ್ಕದಲ್ಲೇ 100 ಒಳ್ಳೆಯ ಗರ್ಭಗಳಲ್ಲಿ 15ರಷ್ಟು ಅದರ ಕೆಳಗೆ ಬೀಳುತ್ತಿದ್ದವು. ಅವರನ್ನು ದೂರುವಂತಿಲ್ಲ; ಹೊಟ್ಟೆಯ ಮೇಲಿಂದ ಮಾಡುವ ಆಗಿನ ಸ್ಕ್ಯಾನಿಗೆ ಗರ್ಭದ ಚೀಲ ಖಾತ್ರಿಯಾಗಿ ಕಾಣಬೇಕಾದರೆ ಎಚ್‌ಸಿಜಿ ಸುಮಾರು 6500 ದಾಟಬೇಕಿತ್ತು. ಅಲ್ಲಿಯವರೆಗೆ ಕತ್ತಲೆ. ಆದರೆ ಬಾಯಿಂದ ಬಾಯಿಗೆ ಹೋಗುತ್ತ ಶೇ. 66 ಎಂಬುದು ‘ಡಬಲ್’ ಆಯಿತು, ಎಚ್ಚರಿಕೆಯ ಗಂಟೆ ತೀರ್ಪಾಯಿತು.

2004ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕರ್ಟ್ ಬಾರ್ನ್‌ಹಾರ್ಟ್ ತಂಡ ನೋವು ಅಥವಾ ರಕ್ತಸ್ರಾವ ಎಂದು ಬಂದು, ಕೊನೆಗೆ ಗರ್ಭ ಉಳಿದ 287 ಹೆಂಗಸರ ಲೆಕ್ಕ ತೆಗೆಯಿತು. ಎರಡು ದಿನಕ್ಕೆ ತೀರಾ ನಿಧಾನದ ಏರಿಕೆ ಎಂದರೆ ಶೇ. 53 ಎಂದಿತು. 2016ರಲ್ಲಿ ಅದೂ ಸಡಿಲವಾಯಿತು: ಮೊದಲ ಸಂಖ್ಯೆ 1500ಕ್ಕಿಂತ ಕಡಿಮೆಯಿದ್ದರೆ 49, 1500ರಿಂದ 3000ದವರೆಗೆ 40, ಅದಕ್ಕೂ ಹೆಚ್ಚಿದ್ದರೆ 33. ಗೆರೆ ಮೇಲೆ ಇಟ್ಟರೆ ಬೇಕಾಗಿದ್ದ ಗರ್ಭವನ್ನೇ ಆತುರದಲ್ಲಿ ತೆಗೆದುಬಿಡುವ ಅಪಾಯ. ಕೆಳಗಿಟ್ಟರೆ ನಾಳದ ಗರ್ಭ ತಪ್ಪಿಸಿಕೊಳ್ಳುತ್ತದೆ, ಯಾಕೆಂದರೆ ಅದರಲ್ಲೂ ಕೆಲವೊಮ್ಮೆ ಸಂಖ್ಯೆ ಸರಿಯಾಗಿಯೇ ಏರುತ್ತದೆ. ಹಾಗಾಗಿಯೇ ಈಗಿನ ವೈದ್ಯರು ರಕ್ತದ ಜೊತೆಗೆ ಸ್ಕ್ಯಾನ್, ಹೊಟ್ಟೆನೋವು, ತಲೆಸುತ್ತು ಎಲ್ಲವನ್ನೂ ಕೇಳುತ್ತಾರೆ. ಪ್ರೊಜೆಸ್ಟರಾನ್ ಕೂಡ ನೋಡುವವರಿದ್ದಾರೆ. ಅದು ತೀರಾ ಕೆಳಗಿದ್ದರೆ ಗರ್ಭ ಉಳಿಯುವುದು ಅಪರೂಪ, ಆದರೆ ಎಲ್ಲಿ ಕೂತಿದೆ ಎಂದು ಅದು ಹೇಳಲಾರದು.

840ರಿಂದ 1310 ಅಂದರೆ ಶೇ. 56. ಕಾಡಾರ್ ಗೆರೆಯ ಕೆಳಗೆ, ಬಾರ್ನ್‌ಹಾರ್ಟ್ ಗೆರೆಯ ಮೇಲೆ. ಗೆಳತಿಯ ಡಾಕ್ಟರಮ್ಮ ಲ್ಯಾಬಿನ ಹುಡುಗನ ಮಾತಿಗೆ ಸೊಪ್ಪು ಹಾಕಲಿಲ್ಲ. ‘ಹೊಟ್ಟೆನೋವು ಜಾಸ್ತಿಯಾದ್ರೆ ರಾತ್ರಿಯಾದ್ರೂ ಬಾರಮ್ಮ, ಇಲ್ಲಾಂದ್ರೆ ಇನ್ನೊಂದು ಸಲ ರಕ್ತ ಕೊಡು’ ಅಂದರು. ಮೂರನೇ ಸಲವೂ ಅವಳು ಬೆಳಗಿನ ಬಸ್ಸಿಗೇ ಹೋದಳು. ಎರಡು ವಾರದ ನಂತರ ಸ್ಕ್ಯಾನಿನಲ್ಲಿ ಎದೆಬಡಿತ ಕಂಡಿತು.