ಅರಗಿನ ಹುಳುವಿನ ಬಾಕಿ ಲೆಕ್ಕ

ಕೀಟಕ್ಕೆ ಆರು ಕಾಲು ಎಂದು ಮಕ್ಕಳು ರಾಗವಾಗಿ ಒಪ್ಪಿಸುವಾಗ, ಮೇಷ್ಟರ ಚೇಷ್ಟೆಯಂತೆ ನಾನು ಅರಗಿನ ಹುಳುವಿನ ಸುದ್ದಿ ಎತ್ತುತ್ತಿದ್ದೆ. ಹುಟ್ಟುವಾಗ ಅದಕ್ಕೂ ಆರೇ ಕಾಲು. ಅರ್ಧ ಮಿಲಿಮೀಟರ್ ಉದ್ದದ ಕೆಂಪು ಮರಿ ಎಳೆ ಕೊಂಬೆ ಹುಡುಕಿ ತೆವಳುತ್ತದೆ, ಮೂತಿ ಚುಚ್ಚಿ ಕೂರುತ್ತದೆ. ಕೂತ ಮೇಲೆ ಹೆಣ್ಣಿಗೆ ಕಾಲಿನ ಗೊಡವೆಯೇ ಇಲ್ಲ, ಉದುರಿಹೋಗುತ್ತವೆ. ರಸ ಹೀರುತ್ತ, ಮೈಯಿಂದ ಅಂಟು ಸುರಿಸುತ್ತ, ಅದೇ ಗಟ್ಟಿಯಾದ ಚಿಪ್ಪಿನಡಿ ಮೊಟ್ಟೆಯಿಟ್ಟು ಸಾಯುತ್ತದೆ. ಕೊಂಬೆಯಿಂದ ಕೆರೆದು ತೆಗೆದ ಆ ಚಿಪ್ಪೇ ಅರಗು.

ಪಾಂಡವರನ್ನು ಸುಡಲು ವಾರಣಾವತದಲ್ಲಿ ಕಟ್ಟಿದ ಅರಗಿನ ಮನೆಯ ಕಥೆ ಎಲ್ಲರಿಗೂ ಗೊತ್ತು. ಆ ಮನೆಗೆ ಎಷ್ಟು ಕೋಟಿ ಹುಳು ದುಡಿದಿರಬೇಕೆಂದು ಅದನ್ನು ಕಟ್ಟಿಸಿದ ಪುರೋಚನನನ್ನು ಯಾರೂ ಕೇಳಲಿಲ್ಲ! ನಮ್ಮ ಕಡೆಯವರೂ ಹಾಗೇ. ರಾಮನಗರದಲ್ಲಿ ರೇಷ್ಮೆ ಹುಳುವಿಗೆ ಮಾರುಕಟ್ಟೆಯಿದೆ, ಮಾನವಿದೆ. ಪಕ್ಕದ ಗೊಂಬೆಗಳ ಊರು ಚನ್ನಪಟ್ಟಣ ಅರಗಿನ ಹುಳುವಿನಿಂದ ಉಂಡರೂ ಅದರ ಹೆಸರೆತ್ತುವವರಿಲ್ಲ.

ಅಲ್ಲಿ ಲೇತಿಗೆ ಸಿಕ್ಕಿಸಿದ ಆಲೆ ಮರದ ತುಂಡು ಗಿರ್ರನೆ ತಿರುಗುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೆಂಕಿ ಬೇಡ, ತಿಕ್ಕಾಟದ ಬಿಸಿಗೇ ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆ ಗರಿ ಒತ್ತಿದರೆ ಗೊಂಬೆಯ ಕೆನ್ನೆಯಲ್ಲಿ ನಿಮ್ಮ ಮುಖ ಕಾಣುತ್ತದೆ. ಮಗು ಬಾಯಿಗಿಟ್ಟುಕೊಂಡರೂ ಬರಿಯ ಅರಗಿನಿಂದ ಭಯವಿಲ್ಲ; ಮಾತ್ರೆಗಳಿಗೂ ಅದನ್ನೇ ಲೇಪಿಸುತ್ತಾರೆ.

ಹುಳುವಿನ ಕೆಂಪು ಬಣ್ಣಕ್ಕೂ ಒಂದು ಕಾಲವಿತ್ತು. ಈಸ್ಟ್ ಇಂಡಿಯಾ ಕಂಪನಿ ಅದನ್ನು ಹಡಗಿಗೇರಿಸುತ್ತಿತ್ತು. 1856ರಲ್ಲಿ ಲಂಡನ್ನಿನ ಪರ್ಕಿನ್ ಕೃತಕ ಬಣ್ಣ ಕಂಡುಹಿಡಿದದ್ದೇ ಆ ವ್ಯಾಪಾರಕ್ಕೆ ಕುತ್ತಾಯಿತು. ಬಣ್ಣ ಬಿದ್ದರೂ ಅಂಟು ಉಳಿಯಿತು: ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಗಳ ಮೈಯಲ್ಲಿದ್ದದ್ದು ಕಲ್ಲುಪುಡಿಯೊಡನೆ ಕಲಸಿದ ಷೆಲ್ಯಾಕ್, ಅಂದರೆ ಶುದ್ಧಮಾಡಿದ ಅರಗು. ನಮ್ಮಜ್ಜ ಕೇಳಿದ ರಂಗಗೀತೆಗಳೆಲ್ಲ ಹುಳುವಿನ ಅಂಟಿನ ಮೇಲೆ ಕೊರೆದವು. ಕೈಜಾರಿದರೆ ಚೂರುಚೂರು. ವಿನೈಲ್ ಬಂದು ಆ ದಾರಿಯೂ ಮುಚ್ಚಿತು.

ಮೈಸೂರು ಸೀಮೆಯ ಕಾಡುಗಳಲ್ಲಿ ಈ ಹುಳುವಿಗೆ ಜಾಲಾರಿ ಮರವೆಂದರೆ ಪ್ರೀತಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಲಕೋಟೆಗೆ ಮೊಹರೊತ್ತುವ ಅರಗೂ ಅಲ್ಲಿ ತಯಾರಾಗುತ್ತಿತ್ತು. 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಹಚ್ಚುವ ಅಳಿಸಲಾಗದ ಶಾಯಿ ಬಂದದ್ದೂ ಅಲ್ಲಿಂದಲೇ. ಕಾರ್ಖಾನೆ ಲೋಕಪ್ರಸಿದ್ಧವಾದದ್ದು ಆ ಶಾಯಿಯಿಂದ. ಅದರ ಕಪ್ಪಾದರೋ ಬೆಳ್ಳಿಯ ಲವಣದ್ದು, ಹುಳುವಿನದಲ್ಲ. 1989ರಲ್ಲಿ ಕಾರ್ಖಾನೆ ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್’ ಆದಾಗ ಬೋರ್ಡಿನಿಂದ ಅರಗಿನ ಹೆಸರೂ ಹೋಯಿತು.