ಕಿತ್ತೂರು, ಥ್ಯಾಕರೆ ಮನೆತನ ಮತ್ತು ಒಂದು ಕಾದಂಬರಿ

ಥ್ಯಾಕರೆ ಎಂಬ ಹೆಸರನ್ನು ನಮ್ಮ ಬೆಳಗಾವಿ, ಧಾರವಾಡ ಸೀಮೆಯಲ್ಲಿ ಓದುಬರಹ ಬಾರದವರೂ ಬಲ್ಲರು. ಲಾವಣಿಯಲ್ಲಿ, ನಾಟಕದಲ್ಲಿ ಆತ ದರ್ಪದಿಂದ ಬರುತ್ತಾನೆ. ಕಿತ್ತೂರಿನ ಕೋಟೆಯ ಮುಂದೆ ಗುಂಡು ತಗಲಿ ಬೀಳುತ್ತಾನೆ. ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಅದೇ ಹೆಸರು ಬೇರೊಬ್ಬನನ್ನು ನೆನಪಿಗೆ ತರುತ್ತದೆ: ಹತ್ತೊಂಬತ್ತನೆಯ ಶತಮಾನದ ದೊಡ್ಡ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಇವರಿಬ್ಬರೂ ಒಂದೇ ಮನೆಯವರು ಎಂಬುದು ಅನೇಕರಿಗೆ ತಿಳಿಯದು. ಕಿತ್ತೂರಿನಲ್ಲಿ ಮಡಿದ ಧಾರವಾಡದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆ, ಕಾದಂಬರಿಕಾರನ ತಂದೆಯ ತಮ್ಮ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಸ್ವಂತ ಕಾಕಾ.

ಕಾಕಾ ಆಡಿದ ಆಟವನ್ನು ಇತಿಹಾಸ ಬರೆದುಕೊಂಡಿತು. ಅಣ್ಣನ ಮಗ ಐತಿಹಾಸಿಕ ಕಾದಂಬರಿಯೊಂದನ್ನು ಬರೆದನು. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಮನಸ್ಸಿಗೆ ಹೊಳೆಯುವ ಸಂಗತಿಗಳೇ ಈ ಲೇಖನದ ವಿಷಯ.

ಮೊದಲು ಕಿತ್ತೂರಿನ ಮಾತು. ದೇಸಾಯಿ ಮಲ್ಲಸರ್ಜನು ೧೮೧೬ರಲ್ಲಿ ತೀರಿಕೊಂಡನು. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರ ಸರ್ಜನು ಗಾದಿಗೆ ಬಂದನು. ಅವನಿಗೆ ಮಕ್ಕಳಿರಲಿಲ್ಲ, ದೇಹಸ್ಥಿತಿಯೂ ಚೆನ್ನಾಗಿರಲಿಲ್ಲ. ೧೮೨೪ರ ಸೆಪ್ಟೆಂಬರಿನಲ್ಲಿ ಅವನೂ ಕಣ್ಣುಮುಚ್ಚಿದನು. ಅಷ್ಟರಲ್ಲಿ ಮಾಸ್ತಮರ್ಡಿಯ ಮನೆತನದಿಂದ ಹುಡುಗನೊಬ್ಬನನ್ನು ದತ್ತಕ ತೆಗೆದುಕೊಂಡು ಕಲೆಕ್ಟರನಿಗೆ ಪತ್ರ ಬರೆದದ್ದಾಗಿತ್ತು. ಥ್ಯಾಕರೆಗೆ ಆ ಪತ್ರದ ಮೇಲೆ, ಅದರಲ್ಲಿದ್ದ ಸಹಿಯ ಮೇಲೆ ಸಂಶಯ ಬಂದಿತು. ದತ್ತಕ ಊರ್ಜಿತವಲ್ಲವೆಂದು ಬಗೆದು ಖಜಾನೆಗೆ ಮುದ್ರೆ ಒತ್ತಿಸಿ ಕಾವಲಿಟ್ಟನು. ಮಲ್ಲಸರ್ಜನ ಕಿರಿಯ ರಾಣಿ ಚೆನ್ನಮ್ಮ ಒಪ್ಪಲಿಲ್ಲ. ಅಕ್ಟೋಬರ್ ೨೩ರಂದು ಥ್ಯಾಕರೆ ತೋಪುಗಳೊಂದಿಗೆ ಕೋಟೆಯ ಮುಂದೆ ನಿಂತನು. ಒಳಗಿನ ಪಡೆ ಹೊರಬಿದ್ದು ನುಗ್ಗಿತು. ಕಲೆಕ್ಟರನು ಅಲ್ಲಿಯೇ ಸತ್ತನು. ಗುಂಡು ಹಾರಿಸಿದವನು ಅಮಟೂರ ಬಾಳಪ್ಪನೆಂದು ಪರಂಪರೆ ಹೇಳುತ್ತದೆ.

ಹೀಗೆ ಒಂದು ಮನೆಯ ಉತ್ತರಾಧಿಕಾರದ ಕಾಗದ ಯುದ್ಧಕ್ಕೆ ಕಾರಣವಾಯಿತು. ಇದನ್ನು ನೆನಪಿನಲ್ಲಿಟ್ಟುಕೊಂಡು ಕಾದಂಬರಿಕಾರನ ಕಡೆ ತಿರುಗೋಣ.

ಅವನು ಹುಟ್ಟಿದ್ದು ೧೮೧೧ರಲ್ಲಿ, ಕಲ್ಕತ್ತೆಯಲ್ಲಿ. ತಂದೆ ರಿಚ್‌ಮಂಡ್ ಕಂಪನಿಯ ನೌಕರ. ಮಗು ನಾಲ್ಕು ವರ್ಷದ್ದಾಗಿದ್ದಾಗ ತಂದೆ ತೀರಿಕೊಂಡನು. ಮುಂದಿನ ವರ್ಷ ತಾಯಿಯನ್ನು ಇಲ್ಲಿಯೇ ಬಿಟ್ಟು ಹುಡುಗನನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸಿದರು. ಕಿತ್ತೂರಿನ ಯುದ್ಧವಾದಾಗ ಅವನು ಲಂಡನ್ನಿನಲ್ಲಿ ಓದುತ್ತಿದ್ದ ಹದಿಮೂರರ ಬಾಲಕ. ತಂದೆಯಿಲ್ಲದ, ತಾಯಿಯಿಂದ ದೂರವಾದ ಮಗುವಿನ ಮನಸ್ಸು ಅವನಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ವಾಲ್ಟರ್ ಸ್ಕಾಟನು ೧೮೧೪ರಲ್ಲಿ ಬೆಳಕಿಗೆ ತಂದ 'ವೇವರ್ಲಿ'ಯಿಂದ ಐತಿಹಾಸಿಕ ಕಾದಂಬರಿಯ ಯುಗ ಆರಂಭವಾಗಿತ್ತು. ಆ ಗಾಳಿ ಮುಂದೆ ನಮ್ಮ ದೇಶಕ್ಕೂ ಬೀಸಿತು. ನಮ್ಮಲ್ಲಿ ಗಳಗನಾಥರ ಕಾದಂಬರಿಗಳಿಂದ ಕನ್ನಡದ ಮನೆಮನೆಗೆ ಇತಿಹಾಸದ ಗೀಳು ಹತ್ತಿತು. ಥ್ಯಾಕರೆಯು ೧೮೫೨ರಲ್ಲಿ ಪ್ರಕಟಿಸಿದ 'ಹೆನ್ರಿ ಎಸ್ಮಂಡ್' ಈ ಜಾತಿಗೆ ಸೇರಿದ್ದು. ಕಥೆ ನಡೆಯುವ ಕಾಲ ಹದಿನೇಳನೆಯ ಶತಮಾನದ ಕೊನೆ, ಹದಿನೆಂಟರ ಆರಂಭ. ಆ ಕಾಲದ ಪುಸ್ತಕವೇ ಎನ್ನಿಸುವಂತೆ ಮೊದಲ ಮುದ್ರಣಕ್ಕೆ ಹಳೆಯ ಮಾದರಿಯ ಅಚ್ಚಿನ ಮೊಳೆಗಳನ್ನೇ ಬಳಸಿದ್ದರು.

ಆಗಿನ ಇಂಗ್ಲೆಂಡಿನಲ್ಲಿ ಕ್ರೈಸ್ತರೊಳಗೇ ಎರಡು ಪಕ್ಷ. ಕಥೋಲಿಕನಾದ ದೊರೆಯನ್ನು ೧೬೮೮ರಲ್ಲಿ ಓಡಿಸಿ ಪ್ರಾಟೆಸ್ಟಂಟರು ರಾಜ್ಯ ಹಿಡಿದಿದ್ದರು. ಒಂದೇ ಯೇಸುವನ್ನು ನಂಬಿದವರು ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡುತ್ತಿದ್ದರು. ಹೆನ್ರಿ ಎಂಬ ಹುಡುಗ ಕ್ಯಾಸಲ್‌ವುಡ್ ಎಂಬ ಕಥೋಲಿಕ ಮನೆತನದಲ್ಲಿ ಬೆಳೆಯುತ್ತಾನೆ. ಜೆಸ್ಯುಯಿಟ್ ಪಾದ್ರಿಯೊಬ್ಬನು ಅವನ ಗುರು. ಮುಂದೆ ಆ ಮನೆಗೆ ಹೊಸ ಯಜಮಾನ, ಅವನ ಹೆಂಡತಿ ರೇಚಲ್, ಇಬ್ಬರು ಮಕ್ಕಳು ಬರುತ್ತಾರೆ. ಇವರು ಪ್ರಾಟೆಸ್ಟಂಟರು. ಹುಡುಗನ ನಂಬಿಕೆಯೂ ಬದಲಾಗುತ್ತದೆ. ಆದರೆ ವಾದದಿಂದಲ್ಲ, ರೇಚಲ್ ತೋರಿದ ವಾತ್ಸಲ್ಯದಿಂದ. ತಾನು ಸಕ್ರಮವಾಗಿ ಹುಟ್ಟಿದವನಲ್ಲವೆಂದು ಅವನೂ ಊರವರೂ ತಿಳಿದಿರುತ್ತಾರೆ.

ಯಜಮಾನನು ದ್ವಂದ್ವಯುದ್ಧದಲ್ಲಿ ಗಾಯಗೊಂಡು ಸಾಯುವಾಗ ಗುಟ್ಟೊಂದನ್ನು ಕಾಗದದಲ್ಲಿ ಬರೆಸುತ್ತಾನೆ: ಹೆನ್ರಿಯೇ ನಿಜವಾದ ವಾರಸುದಾರ, ಪದವಿ, ಆಸ್ತಿ ಎಲ್ಲವೂ ಅವನದು. ಹೆನ್ರಿ ಆ ಕಾಗದವನ್ನು ಬೆಂಕಿಗೆ ಹಾಕುತ್ತಾನೆ. ತನ್ನನ್ನು ಸಾಕಿದ ತಾಯಿಯನ್ನೂ ಅವಳ ಮಕ್ಕಳನ್ನೂ ಬೀದಿಗೆ ತಳ್ಳಲು ಅವನಿಗೆ ಮನಸ್ಸಿಲ್ಲ. ಇದನ್ನರಿಯದ ರೇಚಲ್ ಸೆರೆಮನೆಗೆ ಬಂದು, ಗಂಡನ ಸಾವಿಗೆ ನೀನೇ ಕಾರಣವೆಂದು ಅವನನ್ನು ಬಯ್ದು ಹೋಗುತ್ತಾಳೆ. ಅವನು ಬಾಯಿ ಬಿಡುವುದಿಲ್ಲ. ಬಹಳ ದಿನಗಳ ಮೇಲೆ ವಿಂಚೆಸ್ಟರಿನ ದೊಡ್ಡ ಇಗರ್ಜಿಯಲ್ಲಿ, ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಅವರಿಬ್ಬರೂ ಮತ್ತೆ ಒಂದಾಗುತ್ತಾರೆ.

ಕ್ರೈಸ್ತರ ನಿತ್ಯದ ಪ್ರಾರ್ಥನೆಯಲ್ಲಿ, ಕ್ಷಮೆಯನ್ನು ಬೇಡುವವನು ತಾನೂ ಕ್ಷಮಿಸಿರಬೇಕೆಂಬ ಕಟ್ಟುಪಾಡು ಇದೆ. ಆ ತತ್ತ್ವವನ್ನು ಕಾದಂಬರಿಕಾರನು ಉಪದೇಶ ಮಾಡುವುದಿಲ್ಲ. ಮನೆಯ ಜಗಳದಲ್ಲಿಟ್ಟು ತೋರಿಸುತ್ತಾನೆ. ತನ್ನ ಹಕ್ಕನ್ನು ಬಿಟ್ಟುಕೊಟ್ಟು ಅದನ್ನು ಹೇಳಿಕೊಳ್ಳದಿರುವುದೇ ಅಲ್ಲಿ ಕ್ಷಮೆ.

ಈಗ ಕಿತ್ತೂರಿಗೆ ಮರಳೋಣ. ಕಾದಂಬರಿಯಲ್ಲೂ ಒಂದು ಕಾಗದ, ಇಲ್ಲಿಯೂ ಒಂದು ಕಾಗದ. ಅಲ್ಲಿ ವಾರಸುದಾರನೇ ವಿಧವೆಯ ಸಲುವಾಗಿ ಕಾಗದವನ್ನು ಸುಟ್ಟನು. ಇಲ್ಲಿ ಹೊರಗಿನ ಅಧಿಕಾರಿಯು ಕಾಗದವನ್ನು ನಂಬಲಿಲ್ಲ. ವಿಧವೆಯು ಕತ್ತಿ ಹಿಡಿಯಬೇಕಾಯಿತು. ಕಾದಂಬರಿಕಾರನು ಕಿತ್ತೂರನ್ನು ಮನಸ್ಸಿನಲ್ಲಿಟ್ಟು ಬರೆದನೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಇತಿಹಾಸವಾಗದು. ಆದರೆ ಚೆನ್ನಮ್ಮನ ನಾಡಿನವರಾದ ನಾವು ಆ ಪುಟ ಓದುವಾಗ ನಮ್ಮ ಕಾಗದ ನೆನಪಾಗದೆ ಇರದು.

ಹಾಗಾದರೆ ಕಿತ್ತೂರಿನ ಕಥೆಯಲ್ಲಿ ಕ್ಷಮೆಗೆ ಸ್ಥಳವೇ ಇಲ್ಲವೆ? ಇದೆ. ಅಕ್ಟೋಬರ್ ೨೩ರಂದು ಥ್ಯಾಕರೆಯ ಕೈಕೆಳಗಿನ ಇಬ್ಬರು ಅಧಿಕಾರಿಗಳು, ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್, ಸೆರೆಸಿಕ್ಕರು. ಎಲಿಯಟನಿಗೆ ಆಗ ಇಪ್ಪತ್ತೊಂದು ವರ್ಷ. ರೊಚ್ಚಿಗೆದ್ದ ಊರಿನಲ್ಲಿ ಅವರ ತಲೆ ಉರುಳಿದ್ದರೆ ಆಶ್ಚರ್ಯವಿರಲಿಲ್ಲ. ಸುಮಾರು ಆರು ವಾರ ಅವರು ಸೆರೆಯಲ್ಲಿ ಸುರಕ್ಷಿತವಾಗಿದ್ದರು. ಡಿಸೆಂಬರ್ ಆರಂಭದಲ್ಲಿ ಬಿಡುಗಡೆಯಾದರು. ಇದು ದಯೆಯೋ ರಾಜನೀತಿಯೋ ಎಂದು ಕೇಳಬಹುದು. ಸಂಧಾನ ನಡೆದಿತ್ತು, ಸೆರೆಯಾಳುಗಳನ್ನು ಬಿಟ್ಟರೆ ಸಂಸ್ಥಾನ ಉಳಿದೀತೆಂಬ ಆಸೆಯೂ ಇದ್ದಿರಬೇಕು. ಎರಡೂ ಕೂಡಿದ್ದರೆ ತಪ್ಪೇನು? ಮನುಷ್ಯರ ಒಳ್ಳೆಯ ಕೆಲಸಗಳು ಬಹುಮಟ್ಟಿಗೆ ಹಾಗೆಯೇ ಆಗುತ್ತವೆ.

ಆ ಬಿಡುಗಡೆಯಿಂದ ಕಿತ್ತೂರು ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಕಂಪನಿಯ ಪಡೆ ಕೋಟೆಯನ್ನು ಹಿಡಿಯಿತು. ಆ ಹೋರಾಟದಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋನ ಬಂಧುವಾದ ಇನ್ನೊಬ್ಬ ಮನ್ರೋ ಸತ್ತನು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ೧೮೨೯ರ ಫೆಬ್ರವರಿಯಲ್ಲಿ ಅಲ್ಲಿಯೇ ಕಾಲವಾದಳು. ದತ್ತಕ ಮಗನ ಪಕ್ಷ ಹಿಡಿದು ಕಾದಿದ ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಆ ಕಡೆಯಿಂದ ಕ್ಷಮೆ ಬರಲಿಲ್ಲ.

ಆದರೆ ಬದುಕಿ ಹೊರಬಂದ ಎಲಿಯಟನು ಏನು ಮಾಡಿದನು? ೧೮೩೩ರ ತನಕ ಇದೇ ಸೀಮೆಯಲ್ಲಿ ನೌಕರಿಯಲ್ಲಿದ್ದು, ಗುಡಿಗುಂಡಾರಗಳ ಮುಂದಿನ ಕಲ್ಲುಗಳನ್ನು ಹುಡುಕಿ ಹುಡುಕಿ ೫೯೫ ಶಾಸನಗಳ ಪ್ರತಿ ಮಾಡಿಸಿದನು. ೧೮೩೬ರ ಸುಮಾರಿಗೆ ಅವನು ಬರೆದ ಲೇಖನದಿಂದ ಚಾಲುಕ್ಯರ ವಂಶದ ಕಥೆ ಮೊದಲ ಬಾರಿಗೆ ಒಂದು ಕ್ರಮಕ್ಕೆ ಬಂದಿತು. ಮುಂದೆ ಫ್ಲೀಟ್ ಮೊದಲಾದವರು ಆ ಸಂಗ್ರಹವನ್ನು ಆಧರಿಸಿ ಕೆಲಸ ಮುಂದುವರಿಸಿದರು. ಕನ್ನಡ ನಾಡಿನ ಚರಿತ್ರೆಗೆ ಅಡಿಗಲ್ಲು ಹಾಕಿದವರಲ್ಲಿ ಒಬ್ಬನು ಕಿತ್ತೂರಿನ ಸೆರೆಯಾಳು. ಅವನ ತಲೆ ಉಳಿದದ್ದರಿಂದ ನಮ್ಮ ಕಲ್ಲುಗಳು ಮಾತನಾಡಿದವು.

ವಿಶ್ವಾಸ, ಮನೆತನ, ಕ್ಷಮೆ ಎಂಬ ಮೂರು ಎಳೆಗಳಿಂದ ನೇಯ್ದ ಐತಿಹಾಸಿಕ ಕಾದಂಬರಿಗಳನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳೂ ಹಿರಿಯರೂ ಆಸೆಯಿಂದ ಓದುತ್ತಾರೆ. ಅವು ಅನ್ಯಮತದವರ ಕಥೆಗಳೆಂದು ದೂರವಿಡಬೇಕಾಗಿಲ್ಲ. ಅಲ್ಲಿ ಹೇಳಿದ್ದೆಲ್ಲ ನಡೆದದ್ದೆಂದು ನಂಬಬೇಕಾಗಿಯೂ ಇಲ್ಲ. ಯಾರು ಯಾವ ದಿನ ಸತ್ತರೆಂದು ದಫ್ತರ ಹೇಳುತ್ತದೆ. ಸಿಟ್ಟು ಇಳಿದದ್ದು ಹೇಗೆ, ಒಬ್ಬರನ್ನೊಬ್ಬರು ಮನ್ನಿಸಿದ್ದು ಯಾವ ಗಳಿಗೆಯಲ್ಲಿ ಎಂಬುದು ದಫ್ತರದಲ್ಲಿ ಸಿಗದು. ಅದನ್ನು ಊಹಿಸಿ ಕಾಣಿಸುವುದು ಕಾದಂಬರಿಯ ಕೆಲಸ.

ಥ್ಯಾಕರೆಯ ಗೋರಿ ಧಾರವಾಡದಲ್ಲಿದೆ; ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. ನಡುವಿನ ಹಾದಿ ಅರ್ಧ ದಿನದ್ದೂ ಅಲ್ಲ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಎರಡನ್ನೂ ನೋಡಿ ಬರಬೇಕು. ದಾರಿಯಲ್ಲಿ ಯುದ್ಧದ ಕಥೆಯನ್ನು ಹೇಳುವಾಗ ಸೆರೆಯಿಂದ ಜೀವಂತವಾಗಿ ಹೊರಬಂದ ಇಪ್ಪತ್ತೊಂದರ ತರುಣನ ಕಥೆಯನ್ನೂ ಹೇಳಬೇಕು.