ಉಪಗ್ರಹ ದೂರವಾಣಿ ಮತ್ತು ಕನ್ನಡನಾಡಿನ ನಿಶ್ಶಬ್ದ ಪ್ರದೇಶಗಳು: ಒಂದು ಚಾರಿತ್ರಿಕ ಪರಿಶೀಲನೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಪಟ್ಟಣಗಳೂ ಹುಬ್ಬಳ್ಳಿಯಿಂದ ಹರಿಹರಕ್ಕೆ ಸಾಗುವ ರೈಲುಮಾರ್ಗದ ಮೇಲಿದ್ದು, ಪುಣೆ–ಬೆಂಗಳೂರು ಹೆದ್ದಾರಿಗೂ ಸನಿಹದಲ್ಲಿಯೇ ಇರುವುದರಿಂದ, ತಂತಿಯೂ ತರುವಾಯ ದೂರವಾಣಿಯೂ ಇಲ್ಲಿಗೆ ತಲಪಲು ವಿಶೇಷ ಪ್ರಯಾಸವೇನೂ ಆಗಲಿಲ್ಲ. ಮೆಣಸಿನಕಾಯಿಯ ಧಾರಣೆಯನ್ನು ದೂರದ ವರ್ತಕನಿಗೆ ಆ ದಿನವೇ ಮುಟ್ಟಿಸಬೇಕೆಂಬ ಬ್ಯಾಡಗಿಯ ಪೇಟೆಯ ತವಕವೂ ಅದಕ್ಕೆ ಸಹಾಯಕವಾಗಿದ್ದಿರಬೇಕು. ಆದರೆ ಇದೇ ಹಾವೇರಿ ಜಿಲ್ಲೆಯ ಹಾನಗಲ್ಲನ್ನು ದಾಟಿ ಶಿರಸಿಯ ಕಡೆಗೆ ಹೊರಟು, ಅಲ್ಲಿಂದ ಯಲ್ಲಾಪುರ, ಜೋಯಿಡಾಗಳ ಅರಣ್ಯವನ್ನು ಹೊಕ್ಕರೆ, ಕೈಯೊಳಗಿನ ದೂರವಾಣಿಯು ಗುಡ್ಡದಿಂದ ಗುಡ್ಡಕ್ಕೆ ಮೂಕವಾಗುವುದನ್ನು ಇಂದಿಗೂ ಕಾಣಬಹುದು. ಬಯಲುಸೀಮೆಗೂ ಘಟ್ಟಪ್ರದೇಶಕ್ಕೂ ನಡುವಣ ಈ ಅಂತರವನ್ನು ಆಕಾಶಮಾರ್ಗದಿಂದ ತುಂಬಲು ನಡೆದ ಯತ್ನಗಳನ್ನೂ, ಅವು ಅರ್ಧದಾರಿಯಲ್ಲಿ ನಿಂತುದರ ಕಾರಣಗಳನ್ನೂ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯ ಅಕ್ಷಭ್ರಮಣದೊಡನೆ ಸಮವೇಗವಾಗಿದ್ದು, ನೋಡುವವರಿಗೆ ಒಂದೆಡೆ ನಿಂತಂತೆಯೇ ತೋರುವುದೆಂಬ ತತ್ತ್ವವನ್ನು ಸಂಪರ್ಕ ಸಾಧನೆಗೆ ಬಳಸಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ವಿವರಿಸಿದರು. ಈ ವಿದ್ಯೆಯ ಫಲವು ಕನ್ನಡದ ಹಳ್ಳಿಗಳನ್ನು ಮೊದಲು ಮುಟ್ಟಿದ್ದು ಸಂಭಾಷಣೆಯ ರೂಪದಲ್ಲಿ ಅಲ್ಲ, ದೃಶ್ಯದ ರೂಪದಲ್ಲಿ: 1975ರ ಆಗಸ್ಟ್ ಒಂದರಿಂದ ಒಂದು ವರ್ಷ ಕಾಲ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್–6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಗ್ರಾಮಗಳಿಗೆ ದೂರದರ್ಶನ ಕಾರ್ಯಕ್ರಮಗಳು ಪ್ರಸಾರವಾದಾಗ, ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಅಂದು ಅವಿಭಕ್ತ ಧಾರವಾಡ ಜಿಲ್ಲೆಯಲ್ಲಿದ್ದ ರಾಣೆಬೆನ್ನೂರು ಆ ಪಟ್ಟಿಯ ಹೊರಗಿತ್ತು. ಆಕಾಶವು ಗ್ರಾಮಸ್ಥನಿಗೆ ಬೋಧಿಸುತ್ತಿತ್ತು. ಗ್ರಾಮಸ್ಥನಾದರೋ ಮಾರ್ನುಡಿಯಲು ಸಾಧನವಿಲ್ಲದೆ ಸುಮ್ಮನಿದ್ದನು.

ಮುಂದಿನ ದಶಕದಲ್ಲಿ ಎರಡು ಘಟನೆಗಳು ಸಂಭವಿಸಿದುವು. ಎರಡೂ ಈ ನಾಡಿನಲ್ಲಿಯೇ ನಡೆದುವೆಂಬುದನ್ನು ನಮ್ಮ ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲ. 1982ರಲ್ಲಿ ಹಾಸನದಲ್ಲಿ ಇನ್ಸಾಟ್ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರವು ಸ್ಥಾಪಿತವಾಯಿತು. ಆ ವರ್ಷದ ಇನ್ಸಾಟ್–1ಎ ಕೆಲವೇ ತಿಂಗಳುಗಳಲ್ಲಿ ನಿಷ್ಪ್ರಯೋಜಕವಾದರೂ, 1983ರ ಆಗಸ್ಟಿನಲ್ಲಿ ಉಡಾವಣೆಗೊಂಡ ಇನ್ಸಾಟ್–1ಬಿ ದೇಶದ ದೂರಸಂಪರ್ಕಕ್ಕೆ ಭದ್ರವಾದ ಆಸರೆಯಾಯಿತು. ಇನ್ನೊಂದು, 1986ರ ಜುಲೈಯಲ್ಲಿ ಸಿ–ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿದುದು. ಹವಾನಿಯಂತ್ರಣದ ಹಂಗಿಲ್ಲದೆ ಧೂಳು, ಸೆಖೆಗಳನ್ನು ಸಹಿಸಿ ದುಡಿಯಬಲ್ಲ ಈ ಪುಟ್ಟ ಯಂತ್ರವು, ನನ್ನ ಮತದಲ್ಲಿ, ಅದೇ ಕಾಲದ ಯಾವ ಉಪಗ್ರಹಕ್ಕಿಂತಲೂ ಅಧಿಕವಾಗಿ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಬಾಯಿಯನ್ನು ಕೊಟ್ಟಿತು.

ತಂತಿಯೂ ಗೋಪುರವೂ ಹೋಗಲಾರದ ಊರುಗಳಿಗೆ ಉಪಗ್ರಹವೇ ಗತಿಯೆಂದು ಸರ್ಕಾರವು ಸ್ಪಷ್ಟವಾಗಿ ಒಪ್ಪಿದುದು ಇಪ್ಪತ್ತೊಂದನೆಯ ಶತಮಾನದಲ್ಲಿ. ಭಾರತ ನಿರ್ಮಾಣ ಯೋಜನೆಯಲ್ಲಿ ಸಾರ್ವಜನಿಕ ದೂರವಾಣಿಯನ್ನು ಒದಗಿಸಬೇಕಾಗಿದ್ದ 66,822 ಗ್ರಾಮಗಳ ಪೈಕಿ 14,183 ಗ್ರಾಮಗಳಿಗೆ ಡಿಜಿಟಲ್ ಉಪಗ್ರಹ ದೂರವಾಣಿಯನ್ನು ನಿಗದಿಪಡಿಸಲಾಯಿತು. ಇದು ಊರಿಗೆ ಒಂದಾದ, ಸ್ಥಿರವಾದ ಉಪಕರಣವೇ ಹೊರತು ದಾರಿಹೋಕನ ಕೈಯಲ್ಲಿ ಹಿಡಿಯುವಂಥದಲ್ಲ.

ಕೈಯಲ್ಲಿ ಹಿಡಿಯುವ ಉಪಕರಣದ ಕಥೆ ಬೇರೆಯೇ. ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಅರವತ್ತಾರು ಉಪಗ್ರಹಗಳ ಮಾಲೆಯನ್ನು ಕಟ್ಟಿದ ಇರಿಡಿಯಂ 1998ರ ನವೆಂಬರಿನಲ್ಲಿ ಸೇವೆಯನ್ನು ಆರಂಭಿಸಿ, ಒಂದು ವರ್ಷ ತುಂಬುವ ಮೊದಲೇ ದಿವಾಳಿಯಾಗಿ, ಅನಂತರ ಹೊಸ ಒಡೆತನದಲ್ಲಿ ಚೇತರಿಸಿಕೊಂಡಿತು. ಭಾರತದಲ್ಲಿ 1885ರ ತಂತಿ ಅಧಿನಿಯಮ ಹಾಗೂ 1933ರ ನಿಸ್ತಂತು ಅಧಿನಿಯಮಗಳ ಮೇರೆಗೆ ಇಂಥ ಯಂತ್ರಕ್ಕೆ ಅನುಮತಿಯು ಅವಶ್ಯವಾಗಿತ್ತು. 2008ರ ನವೆಂಬರ್ 26ರಂದು ಮುಂಬಯಿಯ ಮೇಲೆ ದಾಳಿ ಮಾಡಿದವರು ಸಮುದ್ರಮಾರ್ಗದಲ್ಲಿ ಉಪಗ್ರಹ ದೂರವಾಣಿಯನ್ನು ಬಳಸಿದ್ದರೆಂಬುದು ಪ್ರಕಟವಾದ ಮೇಲೆ ಪ್ರತಿಬಂಧವು ಮತ್ತಷ್ಟು ಬಿಗಿಯಾಗಿ, ತುರಾಯಾ ಮತ್ತು ಇರಿಡಿಯಂ ಉಪಕರಣಗಳು ಅನುಮತಿಯಿಲ್ಲದವರ ಪಾಲಿಗೆ ಅಪರಾಧದ ಸಾಕ್ಷಿಗಳೇ ಆದುವು. ಮಲೆನಾಡಿನ ಮತ್ತು ಕರಾವಳಿಯ ಕಾಡುಗಳಲ್ಲಿ ಇಂಥ ಯಂತ್ರಗಳ ಸಂಕೇತಗಳು ದೊರೆತುವೆಂದು ಪತ್ರಿಕೆಗಳು ಆಗಾಗ ಬರೆಯುವಾಗ, ಓದುಗನ ಮನಸ್ಸಿಗೆ ಭಯೋತ್ಪಾದಕನು ಹೊಳೆಯುವನೇ ಹೊರತು ದಾರಿತಪ್ಪಿದ ಚಾರಣಿಗನು ಹೊಳೆಯುವುದಿಲ್ಲ. 2017ರ ಮೇ ತಿಂಗಳಲ್ಲಿ ಬಿಎಸ್‌ಎನ್‌ಎಲ್ ಘಾಜಿಯಾಬಾದಿನ ದ್ವಾರಕೇಂದ್ರದಿಂದ ಇನ್ಮಾರ್‌ಸ್ಯಾಟ್ ಸೇವೆಯನ್ನು ಆರಂಭಿಸಿದಾಗಲೂ ಅದು ಮೊದಲು ದೊರೆತುದು ವಿಪತ್ತು ನಿರ್ವಹಣೆ, ಪೊಲೀಸು, ರೈಲ್ವೆ, ಗಡಿರಕ್ಷಣೆಗಳ ಸರ್ಕಾರಿ ಸಂಸ್ಥೆಗಳಿಗೆ.

ಇಲ್ಲಿ ಯಂತ್ರದ ಸ್ವಭಾವವನ್ನೂ ಪರಿಶೀಲಿಸಬೇಕು. ಇನ್ಮಾರ್‌ಸ್ಯಾಟ್ ಉಪಗ್ರಹವು ಬಹು ದೂರದಲ್ಲಿರುವುದರಿಂದ ಮಾತೊಂದು ಮೇಲೇರಿ ಇಳಿಯುವುದಕ್ಕೆ ಕಾಲು ಸೆಕೆಂಡು ಹಿಡಿಯುತ್ತದೆ. ಪ್ರಶ್ನೆ ಕೇಳಿ ಉತ್ತರವನ್ನು ಪಡೆಯಲು ಅದರ ಇಮ್ಮಡಿ. ಇದನ್ನು ಸಹಿಸಬಹುದು. ಸಹಿಸಲಾಗದ ತೊಂದರೆ ಮತ್ತೊಂದು. ನಮ್ಮ ಅಕ್ಷಾಂಶದಲ್ಲಿ ಹಿಂದೂ ಮಹಾಸಾಗರದ ಮೇಲಣ ಉಪಗ್ರಹವು ನೆತ್ತಿಯ ಸನಿಹದಲ್ಲಿಯೇ ನಿಲ್ಲುವುದರಿಂದ ಘಟ್ಟದ ಗುಡ್ಡಗಳು ಅದನ್ನು ಅಷ್ಟಾಗಿ ಮರೆಮಾಡಲಾರವು; ದಟ್ಟವಾದ ಎಲೆಮೇಲಾವರಣವಾದರೋ ಸಂಕೇತವನ್ನು ಹೀರಿಬಿಡುತ್ತದೆ. ಆದಕಾರಣ ರಾಣೆಬೆನ್ನೂರಿನ ಕೃಷ್ಣಮೃಗಾಭಯಾರಣ್ಯದ ಬಯಲಿನಲ್ಲಿ ಸಲೀಸಾಗಿ ಮಾತಾಡುವ ಯಂತ್ರವು, ಅದರ ಅವಶ್ಯಕತೆ ನಿಜವಾಗಿಯೂ ಇರುವ ಜೋಯಿಡಾದ ಕಾಡಿನಲ್ಲಿ ತೆರಪಾದ ಜಾಗಕ್ಕೆ ಒಯ್ಯದ ಹೊರತು ಬಾಯಿಬಿಡುವುದಿಲ್ಲ. ಪ್ರಚಾರಪತ್ರಗಳು ಈ ಸಂಗತಿಯನ್ನು ಸಣ್ಣಕ್ಷರದಲ್ಲಿ ಮುದ್ರಿಸುತ್ತವೆ.

ಸಮುದ್ರದಲ್ಲಿ ಇಂಥ ಮರೆಯಿಲ್ಲ. ಅಲ್ಲಿ ಪ್ರತಿಬಂಧ ಮಾತ್ರ ಉಳಿಯುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿಯು ಏಳು ಮಂದಿ ಮೀನುಗಾರರೊಡನೆ ಸಂಪರ್ಕ ಕಡಿದುಕೊಂಡಿತು. ತಿಂಗಳುಗಳ ಶೋಧನೆಯ ತರುವಾಯ, 2019ರ ಮೇ ತಿಂಗಳಲ್ಲಿ, ನೌಕಾಪಡೆಯ ಹಡಗು ಅದರ ಅವಶೇಷವನ್ನು ಮಹಾರಾಷ್ಟ್ರದ ಮಾಲವಣದ ಸಮೀಪ ಸಮುದ್ರತಳದಲ್ಲಿ ಪತ್ತೆ ಮಾಡಿತು. ಕರೆಯೊಂದು ಸಾಧ್ಯವಾಗಿದ್ದರೆ ಆ ಏಳು ಮಂದಿ ಉಳಿಯುತ್ತಿದ್ದರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೂ ದಡದ ಮೊಬೈಲು ಕೆಲವೇ ಮೈಲಿಗಳಾಚೆ ನಿಂತುಹೋಗುವ ಕಡಲಿನಲ್ಲಿ, ಸಾಮಾನ್ಯ ಮೀನುಗಾರನು ಉಪಗ್ರಹದ ಮೂಲಕ ಅಪಾಯಸೂಚನೆಯನ್ನು ಕಳುಹುವ ಯಂತ್ರಗಳ ಪರಂಪರೆಯೇ, ಬೆಂಗಳೂರಿನ ಇಸ್ಟ್ರಾಕ್ ಕೇಂದ್ರವು ಆ ಸಂಕೇತಗಳನ್ನು ಸ್ವೀಕರಿಸುವ ಏರ್ಪಾಡಿನ ಸಮೇತ, ಮಾತಾಡುವ ದೂರವಾಣಿಗಿಂತ ಹೆಚ್ಚು ಸಾರ್ಥಕವೆಂದು ಈ ಲೇಖಕನ ಅಭಿಪ್ರಾಯ.

ಮಲೆನಾಡಿನ ಜನರು ಈ ನಡುವೆ ತಮ್ಮದೇ ದಾರಿಯನ್ನು ಹಿಡಿದರು. ಕೊರೋನಾ ಕಾಲದಲ್ಲಿ ಪಾಠ ಕೇಳಲು ಮಕ್ಕಳು ಗುಡ್ಡವನ್ನೋ ಮರವನ್ನೋ ಏರುವುದು ನಿತ್ಯದ ಸಂಗತಿಯಾಯಿತು. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲವೆಂಬ ಘೋಷಣೆಯೂ ಎದ್ದಿತು. 2022ರ ಜುಲೈಯಲ್ಲಿ ಕೇಂದ್ರ ಸಂಪುಟವು 24,680 ಸಂಪರ್ಕರಹಿತ ಗ್ರಾಮಗಳಿಗೆ 4ಜಿ ಸೇವೆಯನ್ನು ತಲಪಿಸುವ 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಅದರ ನೆಚ್ಚು ಗೋಪುರದ ಮೇಲೆಯೇ. 2023ರಲ್ಲಿ ಹಳೆಯ ತಂತಿ ಅಧಿನಿಯಮದ ಸ್ಥಾನಕ್ಕೆ ದೂರಸಂಪರ್ಕ ಅಧಿನಿಯಮವು ಬಂದು, ಉಪಗ್ರಹಸೇವೆಗೆ ತರಂಗಾಂತರವನ್ನು ಹರಾಜಿಲ್ಲದೆ ಆಡಳಿತಾತ್ಮಕವಾಗಿ ಹಂಚಲು ಎಡೆಮಾಡಿಕೊಟ್ಟಿತು. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಪರವಾನಗಿ ದೊರೆಯಿತು. ಆದರೆ ಶಾಲೆಯ ಮಾಡಿನ ಮೇಲೆ ತಟ್ಟೆಯನ್ನು ಇಡುವ ವ್ಯವಸ್ಥೆಯೂ, ಕಾಡಿನ ದಾರಿಯಲ್ಲಿ ಹಾವು ಕಚ್ಚಿದವನ ಕೈಯಲ್ಲಿ ಇರಬೇಕಾದ ಯಂತ್ರವೂ ಒಂದಲ್ಲ. ಗೋಪುರವನ್ನು ನೆಡಲಾಗದ ಕಾಡಂಚಿನ ಊರುಗಳಲ್ಲಿ, ಪಂಚಾಯಿತಿಯ ಅಥವಾ ಆರೋಗ್ಯ ಉಪಕೇಂದ್ರದ ವಶದಲ್ಲಿ ಅನುಮತಿಸಹಿತವಾದ ಒಂದೊಂದು ಉಪಗ್ರಹ ದೂರವಾಣಿಯನ್ನಾದರೂ ಇರಿಸುವುದನ್ನು ಉತ್ತರ ಕನ್ನಡದ ಜಿಲ್ಲಾಡಳಿತವೂ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಮುಂದಿನ ಮಳೆಗಾಲಕ್ಕೆ ಮುಂಚೆಯೇ ಪರಿಗಣಿಸಬೇಕು.